ಬೀಗ ಹಾಕಿದ ಮನೆಯ ಲೆಕ್ಕ ಬರೆಯುವವರು ಯಾರು?

ದೇವದುರ್ಗ ತಾಲೂಕಿನ ಒಂದು ಹಳ್ಳಿ, ಫೆಬ್ರವರಿ ತಿಂಗಳು. ಹತ್ತಿ ಬಿಡಿಸಿ ಮುಗಿದಿತ್ತು, ಹೊಲದಲ್ಲಿ ಬರೀ ಕಟ್ಟಿಗೆ ನಿಂತಿತ್ತು. ಕೆಲವು ವರ್ಷಗಳ ಹಿಂದೆ ಒಂದು ಸರ್ವೇ ತಂಡದ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಕೈಯಲ್ಲಿ ಟ್ಯಾಬ್, ಟ್ಯಾಬಿನೊಳಗೆ ಚೀಟಿ ಎತ್ತಿದ ಹಾಗೆ ಆರಿಸಿದ ಮನೆಗಳ ಪಟ್ಟಿ. ಮೊದಲನೇ ಮನೆಗೆ ಬೀಗ. ಎರಡನೇ ಮನೆಯಲ್ಲಿ ಜನ ಇದ್ದರು, ನೀರು ಕೊಟ್ಟರು, ಒಂದೂವರೆ ಗಂಟೆ ಕೂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಮೂರನೆಯದಕ್ಕೆ ಬೀಗ. ಅದರ ಪಕ್ಕದ್ದಕ್ಕೂ ಬೀಗ. ಬಾಗಿಲ ಮುಂದೆ ಗುಡಿಸಿ ತಿಂಗಳಾಗಿರಬೇಕು, ಒಣಗಿದ ಬೇವಿನೆಲೆ ಹಾಸಿದಂತೆ ಬಿದ್ದಿತ್ತು.

ಎದುರಿನ ಕಟ್ಟೆ ಮೇಲೆ ಒಬ್ಬ ಅಜ್ಜಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂತಿದ್ದರು.

“ಯಾರನ್ನ ಹುಡುಕಾಕತ್ತಿ ಯಪ್ಪಾ? ಎಲ್ಲಾರೂ ಗುಳೇ ಹೋಗ್ಯಾರ.”

“ಯಾವೂರಿಗವ್ವಾ?”

“ಬೆಂಗಳೂರಿಗೆ, ಬಿಲ್ಡಿಂಗ್ ಕೆಲಸಕ್ಕ. ಇನ್ನ ಉಗಾದಿಗೇ ಬರೋದು.”

ಟ್ಯಾಬಿನಲ್ಲಿ ಇದಕ್ಕೊಂದು ಗುಂಡಿ ಇತ್ತು: ‘ಮನೆಗೆ ಬೀಗ’. ಒತ್ತಿದರೆ ಬದಲಿ ಮನೆ ತೋರಿಸುತ್ತದೆ. ಒತ್ತಿದೆವು. ಬದಲಿ ಮನೆ ಸಿಕ್ಕಿತು. ಆ ಮನೆಯವರಿಗೆ ಕಾಲುವೆ ನೀರು ಹರಿಯುವ ಹೊಲ, ಇಬ್ಬರು ಆಳು, ಅವರು ಗುಳೆ ಹೋಗುವ ಮಾತೇ ಇಲ್ಲ. ಅಷ್ಟೇ ನೋಡಿ. ದುಡಿಮೆ ಮತ್ತು ವಲಸೆ ಬಗ್ಗೆ ಕೇಳಲು ಹೋದ ಸಮೀಕ್ಷೆಯಲ್ಲಿ ವಲಸೆ ಹೋದ ಮನೆ ಹೊರಗೆ ಬಿತ್ತು, ಊರಲ್ಲೇ ಉಳಿದ ಮನೆ ಒಳಗೆ ಬಂತು. ಯಾರೂ ಮೋಸ ಮಾಡಲಿಲ್ಲ, ಯಾರೂ ಸೋಮಾರಿಯಾಗಿರಲಿಲ್ಲ, ಎಲ್ಲ ನಿಯಮದ ಪ್ರಕಾರವೇ ನಡೆಯಿತು.

ಈಗ ಇದನ್ನು ನೆನಪು ಮಾಡಿಕೊಳ್ಳುವುದಕ್ಕೆ ಕಾರಣ ಇದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ ಹೋಗಿ, ಕೊನೆಗೆ 2027ರ ಮಾರ್ಚ್ 1 ಎಣಿಕೆಯ ದಿನ ಅಂತ ಗೊತ್ತಾಗಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ, ಅಂದರೆ ಎನ್‌ಎಸ್‌ಒ, 2026ರ ಜುಲೈನಿಂದ 2027ರ ಜೂನ್‌ವರೆಗೆ ವಲಸೆ ಬಗ್ಗೆಯೇ ಒಂದು ಸಮೀಕ್ಷೆ ಇಟ್ಟುಕೊಂಡಿದೆ. ಮನೆಗಳ ಆದಾಯ ಕೇಳುವ ಸಮೀಕ್ಷೆಯನ್ನೂ 2026ಕ್ಕೇ ಗೊತ್ತು ಮಾಡಿಕೊಂಡಿದೆ. ಯಾರು ಎಲ್ಲಿ ದುಡಿಯುತ್ತಾರೆ, ಎಷ್ಟು ಗಳಿಸುತ್ತಾರೆ, ಯಾಕೆ ಊರು ಬಿಡುತ್ತಾರೆ ಅನ್ನುವ ಮೂರೂ ಪ್ರಶ್ನೆ ಒಟ್ಟೊಟ್ಟಿಗೆ ಮನೆ ಬಾಗಿಲಿಗೆ ಬರುತ್ತಿವೆ. ನನ್ನ ತಕರಾರು ಇರುವುದು ಆ ಬಾಗಿಲ ಬಗ್ಗೆ. ನಮ್ಮ ದೇಶದ ಸಮೀಕ್ಷೆಗಳೆಲ್ಲ ಮನುಷ್ಯರನ್ನು ಮನೆಯ ಮೂಲಕ ಎಣಿಸುತ್ತವೆ. ಬಾಗಿಲು ತೆರೆದವರು ಲೆಕ್ಕಕ್ಕೆ ಸಿಗುತ್ತಾರೆ. ತೆರೆಯದವರಲ್ಲಿ ತೀರಾ ಬಡವರೂ ಇದ್ದಾರೆ, ತೀರಾ ಶ್ರೀಮಂತರೂ ಇದ್ದಾರೆ, ಮತ್ತು ಅಸಮಾನತೆ ಅಂತ ನಾವು ಕರೆಯುವುದು ಇವರಿಬ್ಬರ ನಡುವಿನ ದೂರವನ್ನೇ.

ಮೊದಲು ಗುಳೆ ವಿಷಯ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ, ಕೊಪ್ಪಳದ ಕಡೆ ಈ ಪದ ಗೊತ್ತಿಲ್ಲದವರಿಲ್ಲ. ಗುಳೆ ಹೋಗುವುದು ಅಂದರೆ ಊರು ಬಿಟ್ಟುಹೋಗುವುದಲ್ಲ. ಮುಂಗಾರಿಗೆ ಊರಲ್ಲಿರುತ್ತಾರೆ, ಇದ್ದ ಎರಡು ಎಕರೆಯಲ್ಲಿ ಬಿತ್ತುತ್ತಾರೆ, ತೊಗರಿಯೋ ಹತ್ತಿಯೋ ಕೈಗೆ ಬಂದ ಮೇಲೆ ಚೀಲ, ಪಾತ್ರೆ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ಪುಣೆ, ಮುಂಬೈ, ಗೋವಾ, ಹೈದರಾಬಾದಿಗೆ. ತಾಂಡಾಗಳ ಎಷ್ಟೋ ಜನ ಕಬ್ಬು ಕಡಿಯಲು ಹೋಗುತ್ತಾರೆ. ಅಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ‘ಜೋಡಿ’, ಮುಂಗಡ ಕೊಡುವುದೂ ಜೋಡಿ ಲೆಕ್ಕದಲ್ಲೇ. ಊರಲ್ಲಿ ಉಳಿಯುವುದು ಮುದುಕರು, ಸ್ಕೂಲಿಗೆ ಹೋಗುವ ಮಕ್ಕಳು ಮತ್ತು ನಾಯಿಗಳು. ರೇಷನ್ ಕಾರ್ಡು ಊರಲ್ಲಿ, ವೋಟು ಊರಲ್ಲಿ, ದೇವರು ಊರಲ್ಲಿ. ಹೊಟ್ಟೆಪಾಡು ಮಾತ್ರ ಐನೂರು ಕಿಲೋಮೀಟರ್ ಆಚೆ.

ಸಮೀಕ್ಷೆಯ ಭಾಷೆಯಲ್ಲಿ ಗುಳೆ ಅನ್ನುವ ಪದ ಇಲ್ಲ. ಅಲ್ಲಿರುವುದು ‘ಅಲ್ಪಾವಧಿ ವಲಸಿಗ’. ಇವನು ಯಾರು ಅಂತ ನಿರ್ಧರಿಸುವುದು ದಿನಗಳ ಲೆಕ್ಕ. ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್, ಸುತ್ತು ಸುತ್ತಾಗಿ ನಡೆಯುತ್ತದೆ; ಅದರ 1999-2000ರ ಸುತ್ತಿನಲ್ಲಿ ಕೆಲಸಕ್ಕಾಗಿ 60 ದಿನ ಅಥವಾ ಅದಕ್ಕಿಂತ ಜಾಸ್ತಿ, ಆರು ತಿಂಗಳಿಗಿಂತ ಕಡಿಮೆ ಹೊರಗಿದ್ದರೆ ಅಲ್ಪಾವಧಿ ವಲಸಿಗ. 2007-08ರ ಸುತ್ತಿನಲ್ಲಿ ಆ 60 ದಿನ ಹೋಗಿ 30 ದಿನ ಆಯಿತು. ಮುಂದಿನ ಸಮೀಕ್ಷೆಗೆ ಅದನ್ನು 15 ದಿನಕ್ಕೆ ಇಳಿಸುವ ಪ್ರಸ್ತಾವ ಕರಡಿನಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಗಮನಿಸಿ, ಮನುಷ್ಯ ಅವನೇ, ಬಸ್ಸು ಅದೇ, ಕೆಲಸ ಅದೇ. ಒಂದು ಸುತ್ತಿನಲ್ಲಿ ಇಲ್ಲದವನು ಇನ್ನೊಂದು ಸುತ್ತಿನಲ್ಲಿ ಇರುತ್ತಾನೆ. ನಾಳೆ ಪೇಪರಿನಲ್ಲಿ ‘ಅಲ್ಪಾವಧಿ ವಲಸೆ ಭಾರೀ ಏರಿಕೆ’ ಅಂತ ಬಂದರೆ, ಏರಿದ್ದು ವಲಸೆಯೋ ಅಥವಾ ಜರಡಿಯ ತೂತು ದೊಡ್ಡದಾಯಿತೋ ಅಂತ ಒಮ್ಮೆ ಕೇಳಿಕೊಳ್ಳಿ.

2007-08ರ ಸಮೀಕ್ಷೆ ಹೇಳಿದ್ದೇನು ಗೊತ್ತಾ? ಹಳ್ಳಿಗಳಲ್ಲಿ ಹೀಗೆ ಅಲ್ಪಾವಧಿಗೆ ಹೋಗುವವರು ನೂರಕ್ಕೆ 1.7 ಮಾತ್ರ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಒಂದು ಗಂಟೆ ನಿಂತವರು ಯಾರೂ ಈ ಸಂಖ್ಯೆಯನ್ನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ಇದು ಇಡೀ ದೇಶದ ಸರಾಸರಿ ಅನ್ನುವುದು ನಿಜ, ಯಾದಗಿರಿಯದ್ದಲ್ಲ. ಆದರೂ ಇನ್ನೊಂದು ಕಡೆ ನೋಡಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ ವಲಸಿಗರು 45 ಕೋಟಿಗಿಂತ ಜಾಸ್ತಿ, ಅಂದರೆ ಪ್ರತಿ ನೂರರಲ್ಲಿ 37 ಜನ. ಪದ ಒಂದೇ, ಒಂದು ಕಡೆ ನೂರಕ್ಕೆ ಎರಡೂ ಇಲ್ಲ, ಇನ್ನೊಂದು ಕಡೆ ಮೂವತ್ತೇಳು.

ಇದರ ಗುಟ್ಟು ಮದುವೆ. ಜನಗಣತಿ ಕೇಳುವುದು ‘ಇದಕ್ಕೆ ಮುಂಚೆ ಎಲ್ಲಿದ್ದಿರಿ’ ಅಂತ. ಮದುವೆಯಾಗಿ ಪಕ್ಕದ ಊರಿಗೆ ಬಂದ ಹೆಣ್ಣುಮಗಳು ಮೂವತ್ತು ವರ್ಷ ಕಳೆದರೂ ವಲಸಿಗಳೇ. 2020-21ರ ಕಾರ್ಮಿಕ ಸಮೀಕ್ಷೆಯಲ್ಲೂ ಹೀಗೇ: ಹೆಂಗಸರಲ್ಲಿ ನೂರಕ್ಕೆ 47.9 ವಲಸಿಗರು, ಗಂಡಸರಲ್ಲಿ 10.7. ಆ ಹೆಂಗಸರಲ್ಲಿ ನೂರಕ್ಕೆ 86.8 ಜನರ ವಲಸೆಗೆ ಕಾರಣ ಮದುವೆ. ದೊಡ್ಡ ಸಂಖ್ಯೆ ಅಂತ ಭಾಷಣದಲ್ಲಿ ಬಳಸುವವರು ಇದನ್ನು ಹೇಳುವುದಿಲ್ಲ, ಯಾಕೆಂದರೆ 45 ಕೋಟಿ ಅಂದಾಗ ಕೇಳುವವರ ಕಣ್ಣ ಮುಂದೆ ಬರುವುದು ರೈಲಿನ ಜನರಲ್ ಬೋಗಿಯೇ ಹೊರತು ಗಂಡನ ಮನೆಗೆ ಹೊರಟ ಮದುಮಗಳಲ್ಲ.

ಇಲ್ಲಿ ಇನ್ನೊಂದು ಎಡವಟ್ಟು ಇದೆ. ಫಾರಂನಲ್ಲಿ ವಲಸೆಗೆ ಕಾರಣ ಒಂದೇ ಬರೆಯಬೇಕು. ಮಾನ್ವಿಯ ಹುಡುಗಿ ಮದುವೆಯಾಗುತ್ತಾಳೆ, ಗಂಡನ ಜೊತೆ ಬೆಂಗಳೂರಿಗೆ ಬರುತ್ತಾಳೆ, ಮಾರನೇ ದಿನದಿಂದ ಅದೇ ಸೈಟಿನಲ್ಲಿ ತಲೆ ಮೇಲೆ ಜಲ್ಲಿ ಹೊರುತ್ತಾಳೆ. ಅವಳು ಬಂದದ್ದು ಮದುವೆಗೋ, ಕೆಲಸಕ್ಕೋ, ‘ಮನೆಯವರ ಜೊತೆ’ಯೋ? ಕೇಳಿದರೆ ಅವಳೇ ಹೇಳುವುದು, “ಅವರು ಬಂದ್ರು, ನಾನೂ ಬಂದೆ.” ಗಣತಿದಾರ ಮದುವೆ ಅಂತಲೋ ಕುಟುಂಬದ ಜೊತೆ ಅಂತಲೋ ಗುರುತು ಹಾಕಿ ಮುಂದೆ ಹೋಗುತ್ತಾನೆ. ಮೇಸ್ತ್ರಿಯ ಪುಸ್ತಕದಲ್ಲಿ ಅವಳಿಗೆ ಕೂಲಿ ಇದೆ, ದೇಶದ ಪುಸ್ತಕದಲ್ಲಿ ಅವಳು ಸೊಸೆ.

ಅದೇ ಕಟ್ಟೆಯ ಅಜ್ಜಿಗೆ ನಾವು ಕೇಳಿದ್ದೆವು, ಪಟ್ಟಿಯಲ್ಲಿ ಅವರ ಮನೆಯೂ ಇತ್ತು. “ನೀವು ಏನಾದ್ರೂ ಕೆಲಸ ಮಾಡ್ತೀರಾ ಅವ್ವಾ?” ಅವರು ನಕ್ಕರು. “ನಂಗೇನ್ ಕೆಲಸ ಯಪ್ಪಾ ಈ ವಯಸ್ಸಿನ್ಯಾಗ, ಸುಮ್ನ ಕುಂತೀನಿ.” ಹೇಳುತ್ತಿದ್ದಾಗಲೂ ಬೆರಳು ನಿಲ್ಲಲಿಲ್ಲ, ತೊಟ್ಟು ಮುರಿದು ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ. ಆ ಮೆಣಸಿನಕಾಯಿ ಅವರದ್ದಲ್ಲ, ಇನ್ನೊಬ್ಬರದ್ದು, ತೊಟ್ಟು ಬಿಡಿಸಿದರೆ ಕೆಜಿ ಲೆಕ್ಕದಲ್ಲಿ ದುಡ್ಡು. ಎರಡು ಮೊಮ್ಮಕ್ಕಳನ್ನು ನೋಡಿಕೊಳ್ಳುವುದು, ಒಂದು ಎಮ್ಮೆ ಕಟ್ಟುವುದು ಬಿಚ್ಚುವುದು ಬೇರೆ. ಮೊದಲ ಪ್ರಶ್ನೆಗೆ ನಿಲ್ಲಿಸಿದ್ದರೆ ಅವರು ‘ದುಡಿಯದವರು’. ನಾವು ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ದರಿಂದ ದುಡಿಯುವವರಾದರು.

ಇದು ಬರೀ ಒಬ್ಬ ಅಜ್ಜಿಯ ಕತೆ ಆಗಿದ್ದರೆ ಬರೆಯುತ್ತಿರಲಿಲ್ಲ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಅನ್ನುವ ಸರ್ಕಾರಿ ಕಾರ್ಮಿಕ ಸಮೀಕ್ಷೆ ಪ್ರಕಾರ 2017-18ರಲ್ಲಿ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರು ನೂರಕ್ಕೆ 23.3. 2023-24ಕ್ಕೆ ಅದು 41.7. ಆರೇ ವರ್ಷದಲ್ಲಿ ಇಷ್ಟು ಏರಿಕೆ! ಸರ್ಕಾರದ ಕಡೆಯವರು ಇದನ್ನು ಸಾಧನೆ ಅಂದರು. ಇನ್ನೊಂದು ಕಡೆಯವರು, ಇದು ಕಷ್ಟ ಜಾಸ್ತಿಯಾಗಿ ಮನೆಯ ಹೊಲಕ್ಕೋ ಅಂಗಡಿಗೋ ಇಳಿದವರ ಸಂಖ್ಯೆ ಅಂದರು. ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಮನೆಯದೇ ಕಸುಬಿನಲ್ಲಿ ಸಂಬಳವಿಲ್ಲದ ‘ಸಹಾಯಕರು’ ಅನ್ನುವುದೂ ಅದೇ ಸಮೀಕ್ಷೆಯಲ್ಲಿದೆ. ಮೂರನೆಯ ಸಾಧ್ಯತೆಯೂ ಉಂಟು, ಮೊದಲಿಂದಲೂ ದುಡಿಯುತ್ತಿದ್ದವರನ್ನು ಈಗ ಸ್ವಲ್ಪ ಚೆನ್ನಾಗಿ ಕೇಳುತ್ತಿದ್ದಾರೆ. ಇವುಗಳಲ್ಲಿ ಯಾವುದು ಎಷ್ಟು ಪಾಲು ಅಂತ ಆ ಒಂದು ಸಂಖ್ಯೆ ನೋಡಿ ಹೇಳಲು ಆಗದು. ಹೇಳುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಪ್ರಶ್ನೆ ಕೇಳುವ ರೀತಿಯಿಂದಲೇ ಉತ್ತರ ಎಷ್ಟು ಬದಲಾಗುತ್ತದೆ ಅಂತ ನೋಡಲು ನಮ್ಮ ರಾಜ್ಯದಲ್ಲೇ ಒಂದು ಪ್ರಯತ್ನ ನಡೆದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಬೆಂಗಳೂರಿನ ಐಐಎಂ ಮತ್ತು ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾ ಸೇರಿ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ‘ಇಂಡಿಯಾ ವರ್ಕಿಂಗ್ ಸರ್ವೇ’ ಶುರು ಮಾಡಿದವು. ಮನೆಯ ಯಜಮಾನನನ್ನೇ ಕೇಳಿ ಎಲ್ಲರ ಬಗ್ಗೆ ಬರೆದುಕೊಳ್ಳುವ ಬದಲು ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆ ಕೂರಿಸಿ ಕೇಳುವುದು ಅದರಲ್ಲಿತ್ತು. ಹೆಂಡತಿ ಏನು ಕೆಲಸ ಮಾಡುತ್ತಾಳೆ ಅಂತ ಗಂಡನನ್ನು ಕೇಳುವುದಕ್ಕೂ ಹೆಂಡತಿಯನ್ನೇ ಕೇಳುವುದಕ್ಕೂ ವ್ಯತ್ಯಾಸ ಇರುತ್ತೆ ಅಲ್ವಾ? ನಮ್ಮ ಮನೆಗಳಲ್ಲೇ ಕೇಳಿ ನೋಡಬಹುದು. ಆ ಸಮೀಕ್ಷೆ ಶುರುವಾದದ್ದು 2020ರ ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮನೆ ಮನೆಗೆ ಹೋಗುವುದು ನಿಂತಿತು.

ಲಾಕ್‌ಡೌನ್ ಅಂದ ಮೇಲೆ ಅದನ್ನೂ ಹೇಳಲೇಬೇಕು. ಎಣಿಸದೇ ಇದ್ದರೆ ಏನಾಗುತ್ತದೆ ಅನ್ನುವುದನ್ನು ಇಡೀ ದೇಶ ಕಣ್ಣಾರೆ ನೋಡಿದ್ದು ಆಗಲೇ. ಎಷ್ಟು ಜನ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನುವ ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ‘ಸ್ವಾನ್’ ಅನ್ನುವ ಸ್ವಯಂಸೇವಕರ ಗುಂಪು ತಮಗೆ ಬಂದ ಕರೆಗಳನ್ನೇ ಸಮೀಕ್ಷೆಯಂತೆ ಬರೆದಿಟ್ಟಿತು. 2020ರ ಏಪ್ರಿಲ್ ಮಧ್ಯದ ಹೊತ್ತಿಗೆ 11,159 ಕಾರ್ಮಿಕರು, ಅವರಲ್ಲಿ ನೂರಕ್ಕೆ 96 ಜನರಿಗೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ಇಲ್ಲಿ ಕರ್ನಾಟಕ ಸರ್ಕಾರ ಮೇ ಮೊದಲ ವಾರ ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿ, ಎಲ್ಲ ಕಡೆಯಿಂದ ಬೈಸಿಕೊಂಡು, ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಇಲಾಖೆ ಸಂಸತ್ತಿಗೆ 1.04 ಕೋಟಿ ಜನ ತಮ್ಮ ರಾಜ್ಯಕ್ಕೆ ಮರಳಿದರು ಅಂತ ಲೆಕ್ಕ ಕೊಟ್ಟಿತು. ದಾರಿಯಲ್ಲಿ ಸತ್ತವರ ಲೆಕ್ಕ ಕೇಳಿದ್ದಕ್ಕೆ, ಅಂಥ ಮಾಹಿತಿ ಇಟ್ಟಿಲ್ಲ ಅಂದಿತು.

ಸರಿ, ಊರಲ್ಲಿ ಬೀಗ ಹಾಕಿದ ಮನೆಯವರು ಬೆಂಗಳೂರಿನಲ್ಲಾದರೂ ಲೆಕ್ಕಕ್ಕೆ ಸಿಗಬೇಕಲ್ಲ ಅಂತ ನೀವು ಕೇಳಬಹುದು. ಕಾಗದದ ಮೇಲೆ ಸಿಗಬೇಕು. ಎನ್‌ಎಸ್‌ಎಸ್ ನಿಯಮದಲ್ಲಿ ಮನೆ ಅಂದರೆ ಒಟ್ಟಿಗೆ ಇದ್ದು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು. ರಸ್ತೆ ಬದಿಯಲ್ಲೋ ಸೇತುವೆ ಕೆಳಗೋ ಇದ್ದರೂ ಹೆಚ್ಚುಕಡಿಮೆ ಖಾಯಂ ಆಗಿ ಅಲ್ಲೇ ಇದ್ದರೆ ಪಟ್ಟಿಗೆ ಸೇರಿಸಬೇಕು, ಯಾವ ಖಾಯಂ ನೆಲೆಯೂ ಇಲ್ಲದೆ ಅಲೆಯುವವರನ್ನು ಬಿಡಬೇಕು. ಗುಳೆ ಬಂದವರು ಇವೆರಡರ ಮಧ್ಯೆ ಬೀಳುತ್ತಾರೆ. ಬಿಲ್ಡಿಂಗಿನ ಹಿಂದೆ ತಗಡಿನ ಶೆಡ್ಡು, ಮೂರು ತಿಂಗಳು ಇಲ್ಲಿ, ಸ್ಲ್ಯಾಬ್ ಮುಗಿದರೆ ಮೇಸ್ತ್ರಿ ಹೇಳಿದ ಕಡೆ ಇನ್ನೊಂದು ಶೆಡ್ಡು. ಮನೆಪಟ್ಟಿ ಮಾಡುವವರು ಬರುವುದು ಬೆಳಿಗ್ಗೆ ಹತ್ತರ ಮೇಲೆ, ಅಷ್ಟೊತ್ತಿಗೆ ಶೆಡ್ಡಿನಲ್ಲಿ ಕೂಸು ನೋಡಿಕೊಳ್ಳುವ ಎಂಟು ವರ್ಷದ ಹುಡುಗಿ ಬಿಟ್ಟರೆ ಇನ್ನಾರೂ ಇರುವುದಿಲ್ಲ. ಗೇಟಿನ ವಾಚ್‌ಮನ್ ಕೇಳಿದರೆ ಹೇಳುತ್ತಾನೆ, “ಇಲ್ಲಿ ಯಾರೂ ಮನೆಯವ್ರಿಲ್ಲ ಸಾರ್, ಎಲ್ಲಾ ಲೇಬರು.”

ಜನಗಣತಿಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಹೋದ ಸಲ ಎಣಿಕೆ ನಡೆದದ್ದು 2011ರ ಫೆಬ್ರವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನವೂ ಊರಲ್ಲಿ ಇಲ್ಲದವರನ್ನು ಊರಲ್ಲಿ ಬರೆಯುವಂತಿಲ್ಲ, ಇದ್ದ ಕಡೆಯೇ ಎಣಿಸಬೇಕು. ಮುಂದಿನದಕ್ಕೂ ಮಾರ್ಚ್ 1 ಅಂತಲೇ ಇದೆ. ಹಿಮಾಲಯದ ಕಡೆ ಹಿಮ ಬೀಳುವ ಜಾಗಗಳಿಗೆ ಬೇರೆ ದಿನ ಗೊತ್ತು ಮಾಡುತ್ತಾರೆ, 2026ರ ಅಕ್ಟೋಬರ್ 1. ಹಿಮಕ್ಕೆ ವಿನಾಯಿತಿ ಇದೆ, ಗುಳೆಗೆ ಇಲ್ಲ. ಫೆಬ್ರವರಿ ಅಂದರೆ ನಮ್ಮ ಕಡೆ ಗುಳೆಯ ನಡುಮಧ್ಯ. 2027ರಲ್ಲಿ ಉಗಾದಿ ಬರುವುದು ಏಪ್ರಿಲ್‌ನಲ್ಲಿ.

2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನೆನಪಿದೆಯಾ? ಎಲ್ಲರೂ ಜಾತಿ ಗಣತಿ ಅಂತಲೇ ಕರೆದರು. ಪ್ರಶ್ನೆ 60, ಕೇಳುವವರು ಹೆಚ್ಚಾಗಿ ಶಿಕ್ಷಕರು. ಯಾವ ಮನೆಯೂ ತಪ್ಪಬಾರದು ಅಂತ ಈ ಸಲ ಮನೆಗಳನ್ನು ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಗುರುತಿಸಿದರು, ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಉಪಾಯ ಚೆನ್ನಾಗಿತ್ತು, ಯಾಕೆಂದರೆ ರಾಜ್ಯದ ಹೆಚ್ಚಿನ ಮನೆಗಳಿಗೆ ಮೀಟರ್ ಇದೆ. ತಗಡಿನ ಶೆಡ್ಡಿಗೆ ಸೈಟಿನ ತಾತ್ಕಾಲಿಕ ಕನೆಕ್ಷನ್‌ನಿಂದ ಎಳೆದ ಒಂದು ವೈರು, ಒಂದು ಬಲ್ಬು. ಮೂವತ್ತು ಶೆಡ್ಡಿದ್ದರೂ ಮೀಟರ್ ಒಂದೇ, ಅದೂ ಬಿಲ್ಡರ್ ಹೆಸರಿನಲ್ಲಿ.

ಅದೇ ಸಮೀಕ್ಷೆಯಲ್ಲಿ ಬೆಂಗಳೂರಿನ ಇನ್ನೊಂದು ಬಾಗಿಲೂ ತೆರೆಯಲಿಲ್ಲ. ಭಾಗವಹಿಸುವುದು ಅವರವರ ಇಷ್ಟ ಅಂತ ಹೈಕೋರ್ಟ್ ಹೇಳಿತ್ತು. ಅಪಾರ್ಟ್‌ಮೆಂಟ್ ಗೇಟಿನಲ್ಲೇ ಗಣತಿದಾರರನ್ನು ನಿಲ್ಲಿಸಿದ ಸುದ್ದಿ, ದೊಡ್ಡ ಹೆಸರಿನವರು ಮಾಹಿತಿ ಕೊಡುವುದಿಲ್ಲ ಅಂದ ಸುದ್ದಿ ಎಲ್ಲ ಬಂದವು. ಬೇಡ ಅನ್ನುವ ಹಕ್ಕು ಅವರಿಗಿದೆ, ಅದರ ಬಗ್ಗೆ ನನಗೆ ಜಗಳ ಇಲ್ಲ. ಆದರೆ ಒಂದೇ ರಸ್ತೆಯಲ್ಲಿ, ಗೇಟಿನ ಒಳಗಿನ ಹದಿನಾಲ್ಕನೇ ಮಹಡಿ ಮತ್ತು ಗೇಟಿನ ಹಿಂದಿನ ತಗಡಿನ ಶೆಡ್ಡು ಎರಡೂ ಪುಸ್ತಕದಲ್ಲಿ ಇಲ್ಲದಿದ್ದರೆ, ಆ ರಸ್ತೆ ಬಗ್ಗೆ ನಮಗೆ ಗೊತ್ತಾಗುವುದು ಮಧ್ಯದ ಬಾಡಿಗೆ ಮನೆಯವರ ವಿಷಯ ಮಾತ್ರ.

ಅಸಮಾನತೆಯ ಅಂಕಿಗಳಲ್ಲಿ ಇದು ಹೇಗೆ ಕಾಣುತ್ತೆ ಅಂತ ನೋಡೋಣ. ಗಿನಿ ಅನ್ನುವ ಒಂದು ಅಳತೆ ಇದೆ. ಸೊನ್ನೆ ಅಂದರೆ ಎಲ್ಲರಿಗೂ ಸಮಪಾಲು, ನೂರು ಅಂದರೆ ಎಲ್ಲವೂ ಒಬ್ಬನ ಹತ್ತಿರ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದು ಪ್ರಕಟಣೆ ಕೊಟ್ಟಿತು: ವಿಶ್ವಬ್ಯಾಂಕ್ ಲೆಕ್ಕದಲ್ಲಿ ಭಾರತದ ಗಿನಿ 25.5, ಹಾಗಾಗಿ ನಮ್ಮದು ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ. ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಅದಕ್ಕಿಂತ ಹಿಂದಿನ ವರ್ಷ ಪ್ಯಾರಿಸ್ಸಿನ ಸಂಶೋಧನಾ ಸಂಸ್ಥೆ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನವರು, 2022-23ರಲ್ಲಿ ದೇಶದ ಆದಾಯದ ನೂರಕ್ಕೆ 22.6 ಪಾಲು ಮೇಲಿನ ಒಂದೇ ಒಂದು ಶೇಕಡಾ ಜನರಿಗೆ, ಆಸ್ತಿಯಲ್ಲಿ 40.1 ಪಾಲು ಅವರಿಗೇ ಅಂತ ಹೇಳಿದ್ದರು. ಎರಡೂ ಹೆಚ್ಚುಕಡಿಮೆ ಒಂದೇ ವರ್ಷದ ಚಿತ್ರ.

ಯಾರೂ ಸುಳ್ಳು ಹೇಳುತ್ತಿಲ್ಲ. 25.5 ಬಂದದ್ದು ಮನೆಗಳ ಖರ್ಚಿನ ಸಮೀಕ್ಷೆಯಿಂದ, 22.6 ಬಂದದ್ದು ತೆರಿಗೆ ದಾಖಲೆ, ರಾಷ್ಟ್ರೀಯ ಲೆಕ್ಕ, ಸಮೀಕ್ಷೆ ಎಲ್ಲವನ್ನೂ ಜೋಡಿಸಿ ಅಂದಾಜು ಮಾಡಿದ ಆದಾಯದಿಂದ. ನಿಮ್ಮ ಮೇಸ್ತ್ರಿಗಿಂತ ನಿಮ್ಮ ಬಿಲ್ಡರ್ ನೂರು ಪಟ್ಟು ಗಳಿಸಬಹುದು, ನೂರು ಪಟ್ಟು ಅನ್ನ ಉಣ್ಣಲು ಆಗಲ್ಲ. ಉಳಿದದ್ದು ಸೈಟು, ಷೇರು, ಬಂಗಾರ ಆಗುತ್ತದೆ, ಖರ್ಚಿನ ಪುಸ್ತಕಕ್ಕೆ ಬರುವುದೇ ಇಲ್ಲ. ಖರ್ಚಿನ ಅಸಮಾನತೆಯನ್ನು ಬೇರೆ ದೇಶಗಳ ಆದಾಯದ ಅಸಮಾನತೆ ಪಕ್ಕ ಇಟ್ಟು ನಾಲ್ಕನೇ ರ್‍ಯಾಂಕ್ ಅನ್ನುವುದು, ಒಬ್ಬರ ಎತ್ತರವನ್ನು ಇನ್ನೊಬ್ಬರ ತೂಕದ ಜೊತೆ ಹೋಲಿಸಿದ ಹಾಗೆ. ಇದರ ಮೇಲೆ ಬಾಗಿಲ ಸಮಸ್ಯೆ. ಮೇಲಿನ ತುದಿ ಗೇಟು ದಾಟಲು ಬಿಡುವುದಿಲ್ಲ, ಕೆಳಗಿನ ತುದಿಗೆ ಗೇಟೇ ಇಲ್ಲ. ಎರಡೂ ತುದಿ ಕತ್ತರಿಸಿದ ಕಬ್ಬಿನ ಜಲ್ಲೆ ನೋಡಿ ಬೆಳೆ ಎಷ್ಟು ಎತ್ತರ ಇತ್ತು ಅಂತ ಹೇಳುವುದು ಕಷ್ಟ.

ಹಾಗಾದರೆ ಆದಾಯವನ್ನೇ ನೇರವಾಗಿ ಕೇಳಬಾರದಾ? ಕೇಳಿ ನೋಡಿದ್ದಾರೆ. 1983-84ರ ಪ್ರಯೋಗದಲ್ಲಿ ಜನ ಹೇಳಿದ ಆದಾಯಕ್ಕಿಂತ ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತ ಜಾಸ್ತಿ ಬಂತು, ಅಲ್ಲಿಗೆ ಕೈಬಿಟ್ಟರು. ಈಗಿನ ಸಮೀಕ್ಷೆಗೆ ಮುಂಚೆ 2025ರಲ್ಲಿ ಪರೀಕ್ಷೆಗೆ ಅಂತ ಕೆಲವು ಕಡೆ ಕೇಳಿದಾಗ ಹೆಚ್ಚಿನವರು ಇದು ಹೇಳುವ ವಿಷಯವಲ್ಲ ಅಂದರಂತೆ. ಸಹಜವೇ. ನಮ್ಮಲ್ಲಿ ಸ್ವಂತ ಷಡ್ಡಕನಿಗೂ ಸಂಬಳ ನಿಜ ಹೇಳುವುದಿಲ್ಲ. ಹಳ್ಳಿಯಲ್ಲಂತೂ ಆದಾಯ ಅಂದ ಕೂಡಲೇ ಬಿಪಿಎಲ್ ಕಾರ್ಡ್ ಕಣ್ಣ ಮುಂದೆ ಬರುತ್ತದೆ, ಗೃಹಲಕ್ಷ್ಮಿಯ ಎರಡು ಸಾವಿರ ನೆನಪಾಗುತ್ತದೆ. ಟ್ಯಾಬ್ ಹಿಡಿದು ಬಂದವನು ಕಾರ್ಡ್ ರದ್ದು ಮಾಡಲು ಬಂದನೇನೋ ಅಂತ ಅನುಮಾನ. ನಾವು ಎಷ್ಟು ಸಲ “ಇದಕ್ಕೂ ಕಾರ್ಡಿಗೂ ಸಂಬಂಧ ಇಲ್ರೀ” ಅಂದರೂ ಆ ಅನುಮಾನ ಹೋಗಲಿಲ್ಲ.

ಬಾಗಿಲು ತಟ್ಟದೆಯೂ ಎಣಿಸಲು ದಾರಿಗಳಿವೆ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ವರದಿ ರೈಲ್ವೆಯ ರಿಸರ್ವೇಶನ್ ಇಲ್ಲದ ಟಿಕೆಟ್‌ಗಳ ಮಾಹಿತಿ ಹಿಡಿದು, 2011ರಿಂದ 2016ರವರೆಗೆ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಅಂತ ಅಂದಾಜು ಮಾಡಿತು. ಟಿಕೆಟಿಗೆ ಮನೆ ಬೇಕಾಗಿಲ್ಲ. ಇದನ್ನು ಓದಿದಾಗ ನನಗೆ ಅನಿಸಿದ್ದು ನಮ್ಮ ಶಕ್ತಿ ಯೋಜನೆ ಬಗ್ಗೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕೊಡುತ್ತಿರುವ ಜೀರೋ ಟಿಕೆಟ್ 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿತ್ತು. ಪ್ರತಿ ಟಿಕೆಟ್‌ನಲ್ಲೂ ಎಲ್ಲಿಂದ ಎಲ್ಲಿಗೆ, ಯಾವ ದಿನ ಅಂತ ಇರುತ್ತದೆ. ಹೆಸರು ಬೇಡ, ಆಧಾರ್ ಬೇಡ. ಲಿಂಗಸುಗೂರಿನಿಂದ ಬೆಂಗಳೂರಿಗೆ ಡಿಸೆಂಬರ್‌ನಲ್ಲಿ ಎಷ್ಟು, ಉಗಾದಿ ಹಿಂದಿನ ವಾರ ಬೆಂಗಳೂರಿನಿಂದ ಲಿಂಗಸುಗೂರಿಗೆ ಎಷ್ಟು, ಇಷ್ಟು ನೋಡಿದರೂ ಗುಳೆಯ ಒಂದು ಅಂದಾಜು ಸಿಗುತ್ತದೆ, ಅದೂ ಯಾವ ಸಮೀಕ್ಷೆಯಲ್ಲೂ ಸರಿಯಾಗಿ ಸಿಗದ ಹೆಂಗಸರದ್ದು. ಹಬ್ಬಕ್ಕೆ ಬಂದುಹೋಗುವ ನೆಂಟರನ್ನು ಅದರಿಂದ ಬೇರೆ ಮಾಡುವುದು ತಲೆನೋವಿನ ಕೆಲಸ, ಒಪ್ಪುತ್ತೇನೆ.

ಇನ್ನೊಂದು ದಾರಿ ಕೇರಳದವರದ್ದು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ (ಸಿಡಿಎಸ್) ಸಂಸ್ಥೆಯಲ್ಲಿ ಕೆ.ಸಿ. ಝಕಾರಿಯಾ ಮತ್ತು ಎಸ್. ಇರುದಯ ರಾಜನ್ 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿದರು, ಸುಮಾರು ಐದೈದು ವರ್ಷಕ್ಕೊಮ್ಮೆ ನಡೆಯುತ್ತಾ ಬಂದಿದೆ. 2023ರ ಸುತ್ತಿನಲ್ಲಿ 20,000 ಮನೆ ಕೇಳಿ, ಹೊರದೇಶದಲ್ಲಿರುವ ಮಲಯಾಳಿಗಳು 22 ಲಕ್ಷ, ಅವರು ವರ್ಷಕ್ಕೆ ಕಳಿಸುವ ದುಡ್ಡು 2.16 ಲಕ್ಷ ಕೋಟಿ ರೂಪಾಯಿ ಅಂತ ಲೆಕ್ಕ ಕೊಟ್ಟರು. ಅಲ್ಲಿ ಉಳಿದವರನ್ನು ಕೇಳಿ ಹೋದವರ ವಿಷಯ ತಿಳಿಯಬಹುದು, ಯಾಕೆಂದರೆ ಗಲ್ಫಿಗೆ ಹೋಗುವುದು ಮನೆಯ ಒಬ್ಬರು, ಬಾಗಿಲು ತೆರೆಯಲು ಉಳಿದವರು ಇರುತ್ತಾರೆ. ಗುಳೆಯಲ್ಲಿ ಇಡೀ ಮನೆಯೇ ಹೋಗುತ್ತದೆ. ಹಾಗಾಗಿ ಕೇರಳದ ಫಾರಂ ತಂದು ರಾಯಚೂರಿನಲ್ಲಿ ಹಂಚಿದರೆ ಆಗುವುದಿಲ್ಲ. ಅಕ್ಕಪಕ್ಕದವರನ್ನು ಕೇಳಬೇಕು, ಫೋನ್ ಮಾಡಬೇಕು, ಒಂದೇ ಮನೆಗೆ ವರ್ಷದಲ್ಲಿ ಮೂರು ಸಲ ಹೋಗಬೇಕು, ಶೆಡ್ಡುಗಳಿಗೆ ರಾತ್ರಿ ಎಂಟರ ಮೇಲೆ ಹೋಗಬೇಕು. ಖರ್ಚು ಜಾಸ್ತಿ. ಆದರೆ ರಾಜ್ಯಕ್ಕೆ ಇದು ಬೇಡದ ಕೆಲಸವೇನಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲೂಕುಗಳನ್ನು ಹಿಂದುಳಿದವು ಅಂತ ಗುರುತಿಸಿತು, ಅದರಲ್ಲಿ 39 ಅತಿ ಹಿಂದುಳಿದವು, ದೇವದುರ್ಗವೂ ಅದರಲ್ಲಿದೆ. ತಾಲೂಕಿಗೆ ಅಂಗನವಾಡಿ, ಆಸ್ಪತ್ರೆ, ಸ್ಕೂಲು ಕೊಡುವಾಗ ತಲೆ ಎಣಿಸಿ ಕೊಡುತ್ತಾರೆ. ತಲೆ ಎಣಿಸುವ ತಿಂಗಳಲ್ಲಿ ಆ ತಲೆಗಳು ವೈಟ್‌ಫೀಲ್ಡಿನಲ್ಲಿ ಜಲ್ಲಿ ಹೊರುತ್ತಿರುತ್ತವೆ.

ಆ ದಿನ ಹೊರಡುವ ಮುಂಚೆ ಅಜ್ಜಿ ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. ಎದುರು ಮನೆಯವನು ಅವರ ತಂಗಿಯ ಮಗನಂತೆ, ಅವನ ಫೋನ್ ನಂಬರ್. ಬದಲಿ ಮನೆ ಆಗಲೇ ತುಂಬಿಸಿ ಆಗಿತ್ತು, ಆದರೂ ಫೋನ್ ಮಾಡಿದೆ. ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು. ನಾನು ಯಾರು, ಏನು ಅಂತ ಕೂಗಿ ಕೂಗಿ ಹೇಳಿದೆ. ಮನೆಯಲ್ಲಿ ಎಷ್ಟು ಜನ ಅಂದೆ. ಐದು ಅಂದ. ಎಲ್ಲಿದ್ದೀರಿ ಅಂದೆ. ಏರಿಯಾ ಹೆಸರು ಗೊತ್ತಿಲ್ಲ, ಮೇಸ್ತ್ರಿಯನ್ನು ಕೇಳಿ ಹೇಳ್ತೀನಿ ಅಂದ. ಸ್ವಲ್ಪ ಹೊತ್ತು ಯಾರ ಜೊತೆಗೋ ಮಾತಾಡಿ ಮತ್ತೆ ಫೋನಿಗೆ ಬಂದ.

“ಈಗ ಸ್ಲ್ಯಾಬ್ ಹಾಕಾಕತ್ತೀವ್ರಿ, ಬಿಡುವಿಲ್ಲ. ಉಗಾದಿಗೆ ಊರಿಗೆ ಬರ್ತೀವಿ, ಆವಾಗ ಬರ್ರಿ ಮನಿಗೆ.”

ನಮ್ಮ ಸಮೀಕ್ಷೆ ಫೆಬ್ರವರಿ 28ಕ್ಕೆ ಮುಗಿಯಿತು.